ಪಾರ್ಸೆಲ್ ಬಂತು, ಹಿಂದೆಯೇ ಮೆಸೇಜೂ ಬಂತು

ಮಂಡ್ಯದ ಗುತ್ತಲಿನಂಥ ಬಡಾವಣೆಯಲ್ಲಿ ಆನ್‌ಲೈನ್‌ನಲ್ಲಿ ಏನೇ ತರಿಸಿದರೂ ವಿಳಾಸದ ಜೊತೆ ಫೋನ್ ನಂಬರ್ ಕೊಡಲೇಬೇಕು. ಅಡ್ಡರಸ್ತೆಗಳು ಹೊಸಬರಿಗೆ ಒಂದೇ ಸಲಕ್ಕೆ ಸಿಗುವುದಿಲ್ಲ. ‘ಅಕ್ಕಾ, ಅರ್ಕೇಶ್ವರನ ಗುಡಿ ತಾವ ಇದ್ದೀನಿ, ಮನೆ ಎಲ್ ಬತ್ತದೆ?’ ಎಂದು ಪಾರ್ಸೆಲ್ ತಂದವನು ಕೇಳುತ್ತಾನೆ. ಮನೆಯವರು ಗೇಟಿನ ಬಣ್ಣ ಹೇಳಿ ದಾರಿ ತೋರಿಸುತ್ತಾರೆ. ಡಬ್ಬ ಕೈಸೇರುತ್ತದೆ, ಒಟಿಪಿ ಹೇಳಿದ್ದಾಗುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಬೇಕು. ಆದರೆ ಕೆಲವೊಮ್ಮೆ ರಾತ್ರಿ ಹತ್ತರ ಮೇಲೆ ಅದೇ ನಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ‘ಹಾಯ್’ ಬರುತ್ತದೆ. ಅದರ ಹಿಂದೆಯೇ ‘ನಿಮ್ಮ ಡಿಪಿ ಚೆನ್ನಾಗಿದೆ’.

ಅದನ್ನು ಓದಿದ ಹುಡುಗಿಯ ತಲೆಯಲ್ಲಿ ಆ ಹೊತ್ತಿಗೆ ಓಡುವುದು ಕಾನೂನಿನ ಕಲಮುಗಳಲ್ಲ. ಇವನಿಗೆ ಮನೆ ಗೊತ್ತು. ದೂರು ಕೊಟ್ಟರೆ ಬಾಗಿಲಿಗೇ ಬಂದು ನಿಂತರೆ? ಕೊಡದೇ ಇದ್ದರೆ ನಾಳೆ ಇನ್ನೇನು ಕಳಿಸುತ್ತಾನೋ? ಒಂದು ‘ಹಾಯ್’ಗಾಗಿ ಯಾರದೋ ಹೊಟ್ಟೆಪಾಡು ಕಳೆಯುವುದು ಸರಿಯೇ? ಅಪ್ಪನಿಗೆ ಹೇಳಿದರೆ ‘ನೀನ್ಯಾಕೆ ನಂಬರ್ ಕೊಟ್ಟೆ’ ಎಂದು ತನಗೇ ಬೈದರೆ? ಈ ಲೆಕ್ಕಾಚಾರದಲ್ಲೇ ರಾತ್ರಿ ಕಳೆಯುತ್ತದೆ. ಬಹಳಷ್ಟು ಸಲ ನಂಬರ್ ಬ್ಲಾಕ್ ಮಾಡಿ ಸುಮ್ಮನಾಗುವುದರಲ್ಲಿ ಕಥೆ ಮುಗಿಯುತ್ತದೆ.

2022ರ ಜೂನ್‌ನಲ್ಲಿ ದೆಹಲಿಯ ಮಹಿಳೆಯೊಬ್ಬರು ಸುಮ್ಮನಾಗಲಿಲ್ಲ. ಸ್ವಿಗ್ಗಿ ಇನ್‌ಸ್ಟಾಮಾರ್ಟ್‌ನಿಂದ ದಿನಸಿ ತರಿಸಿದ್ದ ಅವರಿಗೆ, ತಂದುಕೊಟ್ಟವನು ಆಮೇಲೆ ಅವರ ಚೆಲುವನ್ನು ಹೊಗಳಿ, ನಿಮ್ಮ ನೆನಪಾಗುತ್ತಿದೆ ಎಂಬಂಥ ಸಂದೇಶಗಳನ್ನು ವಾಟ್ಸ್‌ಆ್ಯಪ್‌ಗೆ ಕಳಿಸಿದ್ದ. ಅವರು ಅದನ್ನು ಟ್ವಿಟರ್‌ನಲ್ಲಿ ಹಾಕಿದರು. ತಮಗೂ ಹೀಗೇ ಆಗಿದೆ ಎಂದು ಅನೇಕ ಹೆಂಗಸರು ಕೆಳಗೆ ಬರೆದುಕೊಂಡರು. ವಿಷಯ ದೊಡ್ಡದಾದ ಮೇಲೆ ಕಂಪನಿಯ ಮೇಲಿನವರೇ ಅವರನ್ನು ಸಂಪರ್ಕಿಸಿದರು.

ಮರುವರ್ಷ, 2023ರ ಜುಲೈನಲ್ಲಿ, ಬೆಂಗಳೂರಿನಲ್ಲಿ ನಡೆದದ್ದು ಇನ್ನೂ ಗಂಭೀರ. ಪುರಭವನದ ಬಳಿ ಮಣಿಪುರದ ಪರವಾಗಿ ನಡೆದ ಪ್ರತಿಭಟನೆ ಮುಗಿಸಿ ರ‍್ಯಾಪಿಡೊ ಬೈಕ್ ಹತ್ತಿದ ಮಹಿಳೆ, ಸವಾರ ದಾರಿಯಲ್ಲೇ ಅಸಭ್ಯವಾಗಿ ವರ್ತಿಸಿದ ಎಂದು ಆರೋಪಿಸಿದರು. ಮನೆಯ ಗುರುತು ಸಿಗಬಾರದೆಂದು ಮನೆಗಿಂತ ಮೊದಲೇ ಇಳಿದುಕೊಂಡರೂ ಕರೆ, ವಾಟ್ಸ್‌ಆ್ಯಪ್ ಸಂದೇಶಗಳು ನಿಲ್ಲಲಿಲ್ಲ. ಸ್ಕ್ರೀನ್‌ಶಾಟ್‌ಗಳು ಅವರ ಕೈಯಲ್ಲಿದ್ದವು. ಎಸ್‌.ಜೆ. ಪಾರ್ಕ್ ಪೊಲೀಸರು ಆ ಸವಾರನನ್ನು ಬಂಧಿಸಿದರು.

ಇದು ನಮ್ಮ ದೇಶಕ್ಕಷ್ಟೇ ಅಂಟಿದ ಪಿಡುಗಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 18ರಿಂದ 34 ವರ್ಷದವರಲ್ಲಿ ಶೇ 30ರಷ್ಟು ಮಂದಿ ತಾವು ಯಾವುದೋ ವ್ಯವಹಾರಕ್ಕೆಂದು ಕೊಟ್ಟ ನಂಬರಿಗೆ ಬೇಡದ ಪ್ರಣಯದ ಅಥವಾ ಲೈಂಗಿಕ ಸಂದೇಶ ಬಂದದ್ದನ್ನು ಹೇಳಿದರು. ವ್ಯವಹಾರಕ್ಕೆ ಸಿಕ್ಕ ನಂಬರನ್ನು ಸ್ವಂತದ ಸಲಿಗೆಗೆ ಬಳಸುವುದು ಕಾನೂನಿಗೆ ವಿರುದ್ಧ ಎಂದು ಆ ಕಚೇರಿ ಸ್ಪಷ್ಟವಾಗಿ ಸಾರಿತು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಅದೇ: ಯಾವ ಉದ್ದೇಶಕ್ಕೆ ಒಪ್ಪಿ ಮಾಹಿತಿ ಕೊಟ್ಟಿರೋ ಅದಕ್ಕಷ್ಟೇ ಅದನ್ನು ಬಳಸಬೇಕು. ದಾರಿ ಕೇಳಲು ಕೊಟ್ಟ ನಂಬರ್ ದಾರಿ ಕೇಳಲು ಮಾತ್ರ.

ಯಾವ ಮೆಸೇಜಿಗೆ ಯಾವ ಕ್ರಮ

ಬರುವ ಸಂದೇಶಗಳೆಲ್ಲ ಒಂದೇ ತೂಕದವಲ್ಲ. ಕಾನೂನು ಕೂಡ ಹಾಗೆ ನೋಡುವುದಿಲ್ಲ.

ಮೊದಲನೆಯದು ‘ಹಾಯ್’, ‘ಊಟ ಆಯ್ತಾ’, ‘ಫ್ರೆಂಡ್ ಆಗ್ತೀರಾ’ ಎಂಬಂಥ ಒಂಟಿ ಸಂದೇಶ. ಇದಕ್ಕೆ ಜೈಲು ಆಗುವುದಿಲ್ಲ. ಆದರೆ ಇಲ್ಲಿ ಹೆಣ್ಣುಮಗಳು ಕೊಡುವ ಉತ್ತರಕ್ಕೆ ಕಾನೂನಿನಲ್ಲಿ ದೊಡ್ಡ ಬೆಲೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ, ಮಹಿಳೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಸಲಿಗೆ ಬೆಳೆಸಲು ಮತ್ತೆ ಮತ್ತೆ ಬೆನ್ನುಹತ್ತಿ ಸಂಪರ್ಕಿಸುವುದು ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಆದ್ದರಿಂದ ‘ನಂಬರ್ ಕೊಟ್ಟಿದ್ದು ಡೆಲಿವರಿಗೆ. ಇನ್ನು ಮೆಸೇಜ್ ಮಾಡಬೇಡಿ’ ಎಂಬ ಎರಡು ಸಾಲು ಸಾಕು. ಸಮಜಾಯಿಷಿ, ನಗುಮುಖದ ಎಮೋಜಿ ಬೇಡ. ಉತ್ತರಿಸಲು ಹೆದರಿಕೆಯಾದರೆ ಉತ್ತರಿಸದೇ ಇರುವುದು ತಪ್ಪಲ್ಲ. ಆದರೆ ಬರೆದ ಆ ‘ಬೇಡ’ ಮುಂದೆ ಪುರಾವೆಯಾಗುತ್ತದೆ.

ಎರಡನೆಯದು ಆ ‘ಬೇಡ’ವನ್ನು ಮೀರಿ ಬರುವ ಸಂದೇಶ, ಬೇರೆ ಬೇರೆ ನಂಬರಿನಿಂದ ಬರುವ ಕರೆ. ಇದು ನೇರವಾಗಿ 78ನೇ ಕಲಮಿನ ವ್ಯಾಪ್ತಿಗೆ ಬೀಳುತ್ತದೆ. ಈ ಅಪರಾಧ ನಮ್ಮ ಕಾನೂನಿಗೆ ಸೇರಿದ್ದೇ 2013ರಲ್ಲಿ. ಅದಕ್ಕೂ ಮೊದಲು ಬೆನ್ನುಹತ್ತುವುದಕ್ಕೆ ಪ್ರತ್ಯೇಕ ಕಲಮು ಇರಲಿಲ್ಲ. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರದ ನಂತರ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ಬೆನ್ನಿಗೆ ಅದು ಬಂತು.

ಮೂರನೆಯದಕ್ಕೆ ಎರಡನೇ ಸಲ ಕಾಯಬೇಕಿಲ್ಲ. ಲೈಂಗಿಕ ಬಣ್ಣದ ಮಾತು, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ, ವಿಡಿಯೊ ಒಂದೇ ಸಲ ಬಂದರೂ ಅದೇ ಸಂಹಿತೆಯ 75ನೇ ಕಲಮು ಅನ್ವಯಿಸಬಹುದು. ಮಾತಿಗೆ 1 ವರ್ಷದವರೆಗೆ, ಬೇಡಿಕೆಗೆ ಮತ್ತು ಅಶ್ಲೀಲ ದೃಶ್ಯ ತೋರಿಸಿದ್ದಕ್ಕೆ 3 ವರ್ಷದವರೆಗೆ ಶಿಕ್ಷೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಇದರ ಜೊತೆಗೆ ಸೇರುತ್ತದೆ. ‘ಮನೆ ಗೊತ್ತು, ನೋಡ್ಕೊತೀನಿ’ ಎಂಬ ಬೆದರಿಕೆ ಬಂದರಂತೂ ಬೆಳಗಾಗುವವರೆಗೂ ಕಾಯದೆ 112ಕ್ಕೆ ಕರೆ ಮಾಡಬೇಕು.

‘ಬರೀ ಹೊಗಳಿದ್ದಾನೆ, ಅದರಲ್ಲೇನು’ ಎನ್ನುವವರು ಮುಂಬೈನ ದಿಂಡೋಶಿ ಸೆಷನ್ಸ್ ನ್ಯಾಯಾಲಯದ 2025ರ ತೀರ್ಪನ್ನು ನೋಡಬೇಕು. ಪಾಲಿಕೆಯ ಮಾಜಿ ಸದಸ್ಯೆಯೊಬ್ಬರಿಗೆ 2016ರ ಜನವರಿಯಲ್ಲಿ ರಾತ್ರಿ 11ರ ನಂತರ ವಾಟ್ಸ್‌ಆ್ಯಪ್ ಸಂದೇಶಗಳು ಬಂದಿದ್ದವು. ನೀವು ತೆಳ್ಳಗಿದ್ದೀರಿ, ಬೆಳ್ಳಗಿದ್ದೀರಿ, ಮದುವೆ ಆಗಿದೆಯೇ, ನನಗೆ ಇಷ್ಟವಾಗಿದ್ದೀರಿ ಎಂಬ ಮಾತುಗಳು. ಅಪರಿಚಿತ ಮಹಿಳೆಗೆ ಅಂಥ ಹೊತ್ತಿನಲ್ಲಿ ಅಂಥ ಸಂದೇಶ ಕಳಿಸುವುದು ಅಶ್ಲೀಲವೇ ಎಂದ ನ್ಯಾಯಾಲಯ, ಕೆಳಗಿನ ನ್ಯಾಯಾಲಯ 2022ರಲ್ಲಿ ವಿಧಿಸಿದ್ದ 3 ತಿಂಗಳ ಸಜೆಯನ್ನು ಎತ್ತಿಹಿಡಿಯಿತು. ಮಹಿಳೆಯ ಮಾನಕ್ಕೆ ಕುಂದು ತರುವ ಮಾತು ಬಾಯಲ್ಲಿ ಆಡಿದ್ದೇ ಆಗಬೇಕಿಲ್ಲ, ಇ-ಮೇಲ್‌ನಲ್ಲಿ ಬರೆದದ್ದೂ ಅದೇ ಅಪರಾಧ ಎಂದು ಬಾಂಬೆ ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿದೆ.

ಬ್ಲಾಕ್ ಮಾಡುವ ಮೊದಲು

ಸಿಟ್ಟು, ಹೇಸಿಗೆ ಎರಡೂ ಸೇರಿ ಬೆರಳು ಮೊದಲು ಹೋಗುವುದು ಡಿಲೀಟ್ ಕಡೆಗೆ. ಅಲ್ಲಿ ಒಂದು ನಿಮಿಷ ತಡೆಯಬೇಕು. ಕಳಿಸಿದವನು ತನ್ನ ವಾಟ್ಸ್‌ಆ್ಯಪ್ ಸಂದೇಶವನ್ನು ಎರಡು ದಿನಕ್ಕೂ ಹೆಚ್ಚು ಕಾಲದವರೆಗೆ ಇಬ್ಬರ ಫೋನಿನಿಂದಲೂ ಅಳಿಸಬಲ್ಲ. ಹಾಗಾಗಿ ನಂಬರ್, ತಾರೀಖು, ವೇಳೆ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು, ಕರೆಗಳ ಪಟ್ಟಿಯನ್ನೂ ಸೇರಿಸಬೇಕು. ಆರ್ಡರ್ ಸಂಖ್ಯೆ, ಡೆಲಿವರಿ ತಂದವನ ಹೆಸರು ತೋರಿಸುವ ಆ್ಯಪ್‌ನ ಪುಟವೂ ಬೇಕು. ಅವೆಲ್ಲವನ್ನೂ ನಂಬಿಕಸ್ಥರೊಬ್ಬರಿಗೆ ಕಳಿಸಿಟ್ಟು ಆಮೇಲೆ ಬ್ಲಾಕ್ ಮಾಡಬಹುದು. ಮೂಲ ಸಂದೇಶ ಫೋನಿನಲ್ಲೇ ಉಳಿಯಲಿ. ನ್ಯಾಯಾಲಯಕ್ಕೆ ಸ್ಕ್ರೀನ್‌ಶಾಟ್‌ಗಿಂತ ಅದು ಮುಖ್ಯ.

ಮುಂದಿನ ಹೆಜ್ಜೆ ಕಂಪನಿ. ಆ್ಯಪ್‌ನ ಚಾಟ್‌ನಲ್ಲಿ ‘ಕ್ಷಮಿಸಿ, ಗಮನಿಸುತ್ತೇವೆ’ ಎಂಬ ಸಿದ್ಧ ಉತ್ತರ ಬಂದರೆ ಅಲ್ಲಿಗೆ ಬಿಡಬೇಕಾಗಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರಗಳನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ದೂರಿನಲ್ಲಿ ಎರಡು ವಿಷಯ ಕೇಳುವುದು ಒಳ್ಳೆಯದು: ಆ ವ್ಯಕ್ತಿಯನ್ನು ಮತ್ತೆ ಈ ವಿಳಾಸಕ್ಕೆ ಕಳಿಸಕೂಡದು, ಏನು ಕ್ರಮ ಕೈಗೊಂಡಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಪೊಲೀಸರ ಬಳಿ ಹೋಗುವುದಾದರೆ ಮಂಡ್ಯದಲ್ಲಿ ಮಹಿಳಾ ಠಾಣೆಯಿದೆ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಯಿದೆ. ‘ಇದು ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯೂ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಎಲ್ಲಿ ಬೇಕಾದರೂ ದೂರು ಕೊಡಲು ಅವಕಾಶ ಕೊಟ್ಟಿದೆ. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು, ಅಷ್ಟೇ. ಇಂಥ ಅಪರಾಧಗಳಲ್ಲಿ ಮಹಿಳೆಯ ದೂರನ್ನು ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿ ಉಚಿತ. ಠಾಣೆಗೆ ಹೋಗಲು ಹಿಂಜರಿಕೆಯಿದ್ದರೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, 181 ಮಹಿಳಾ ಸಹಾಯವಾಣಿಯಲ್ಲಿ ಮೊದಲು ಮಾತಾಡಬಹುದು.

ಆದರೆ ಮೊದಲ ಹೆಜ್ಜೆಯೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆಗಬಾರದು. 2021ರ ಮಾರ್ಚ್‌ನಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಜೊಮ್ಯಾಟೊ ಡೆಲಿವರಿ ತಂದವನು ತಮಗೆ ಹೊಡೆದನೆಂದು ರಕ್ತ ಸುರಿವ ಮೂಗಿನ ವಿಡಿಯೊ ಹಾಕಿದರು. ಆತನ ಬಂಧನವಾಯಿತು, ಜಾಮೀನು ಸಿಕ್ಕಿತು. ಅವರೇ ತನಗೆ ಚಪ್ಪಲಿಯಲ್ಲಿ ಹೊಡೆದರೆಂದು ಆತ ಪ್ರತಿದೂರು ಕೊಟ್ಟ. ಎಲೆಕ್ಟ್ರಾನಿಕ್ ಸಿಟಿ ಪೊಲೀಸರು ಮಹಿಳೆಯ ಮೇಲೂ ಪ್ರಕರಣ ದಾಖಲಿಸಿದರು. ತನಿಖೆ ಮುಗಿಯುವ ಮೊದಲೇ ದೇಶವೆಲ್ಲ ಎರಡು ಪಾಳಯವಾಗಿ ತೀರ್ಪು ಕೊಟ್ಟಾಗಿತ್ತು, ಇಬ್ಬರ ಹೆಸರೂ ಮುಖವೂ ಮನೆಮನೆ ಸೇರಿತ್ತು. ದಾಖಲೆ ಗಟ್ಟಿಯಾಗಿದ್ದು ದೂರು ಸರಿಯಾದ ಜಾಗಕ್ಕೆ ಹೋದರೆ ಈ ರಾದ್ಧಾಂತ ತಪ್ಪುತ್ತದೆ.

ಅವನ ಹೊಟ್ಟೆಪಾಡಿನ ಮಾತು

ದೂರು ಕೊಡಲು ಹಿಂಜರಿಯುವ ಹೆಂಗಸರಲ್ಲಿ ಭಯದಷ್ಟೇ ಕರುಣೆಯೂ ಇರುತ್ತದೆ. ಬಿಸಿಲು ಮಳೆಯೆನ್ನದೆ ಬೈಕ್ ಓಡಿಸುವ ಹುಡುಗ, ಮನೆಯಲ್ಲಿ ಯಾರೆಲ್ಲ ಅವನನ್ನೇ ನಂಬಿದ್ದಾರೋ ಎಂಬ ಮರುಕ. ಇದು ಕಡೆಗಣಿಸುವ ಮಾತಲ್ಲ. 2020-21ರಲ್ಲಿ ದೇಶದಲ್ಲಿ ಗಿಗ್ ಕಾರ್ಮಿಕರು 77 ಲಕ್ಷ ಇದ್ದರೆಂದೂ 2029-30ರ ಹೊತ್ತಿಗೆ ಅವರು 2.35 ಕೋಟಿ ಆಗಬಹುದೆಂದೂ ನೀತಿ ಆಯೋಗದ ವರದಿ ಅಂದಾಜಿಸಿದೆ. ಅವರಲ್ಲಿ ಬಹುತೇಕರು ಮರ್ಯಾದೆಯಿಂದ ಡಬ್ಬ ಕೊಟ್ಟು ಮುಂದಿನ ಮನೆಗೆ ಹೋಗುವವರು. ಡೆಲಿವರಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಗ್ರಾಹಕರಿಂದಲೇ ಇಂಥ ಸಂದೇಶ ಬಂದರೆ ಇದೇ ಕಾನೂನು ಅವರಿಗೂ ಕಾವಲು.

ಹಾಗೆಂದು ಆ ಮರುಕದ ಹೊರೆಯನ್ನು ಸಂದೇಶ ಪಡೆದವಳು ಹೊರಬೇಕಿಲ್ಲ. ಎಷ್ಟು ಶಿಕ್ಷೆ ಎಂದು ತೀರ್ಮಾನಿಸುವುದು ಅವಳ ಕೆಲಸವಲ್ಲ, ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ಅವಳ ಪಾಲಿನದು. ಕಾರ್ಮಿಕನ ಕಡೆಗೆ ನ್ಯಾಯ ತಪ್ಪದಂತೆ ನೋಡಲು ಕರ್ನಾಟಕದಲ್ಲಿ ಈಗ ಕಾನೂನೇ ಇದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ 2025ರಲ್ಲಿ ರಾಜ್ಯ ಮಾಡಿದ ಕಾಯ್ದೆ, ಕಾರಣವನ್ನು ಬರಹದಲ್ಲಿ ಕೊಡದೆ, 14 ದಿನದ ನೋಟಿಸ್ ಇಲ್ಲದೆ ಕಾರ್ಮಿಕನನ್ನು ಮನಬಂದಂತೆ ತೆಗೆದುಹಾಕುವುದಕ್ಕೆ ತಡೆಯೊಡ್ಡಿದೆ. ಅಹವಾಲು ಹೇಳಿಕೊಳ್ಳಲು ದಾರಿಯನ್ನೂ ಕೊಟ್ಟಿದೆ. ಮೊದಲ ‘ಹಾಯ್’ಗೆ ಎಚ್ಚರಿಕೆ ಸಿಕ್ಕಿ ಹುಡುಗನೊಬ್ಬ ತಿದ್ದಿಕೊಂಡರೆ ಅವನ ಕೆಲಸವೂ ಉಳಿಯುತ್ತದೆ. ಯಾರೂ ಹೇಳದೇ ಹೋದರೆ ಅವನು ಮುಂದಿನ ಬೀದಿಯ ಇನ್ನೊಬ್ಬ ಹುಡುಗಿಗೂ ಅದನ್ನೇ ಕಳಿಸುತ್ತಾನೆ.

ಕಂಪನಿಗಳ ಹೊಣೆ ಎಷ್ಟು ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಕಟ್ಟೆ ಹತ್ತಿದೆ. 2018ರಲ್ಲಿ ಬೆಂಗಳೂರಿನ ಓಲಾ ಪ್ರಯಾಣದಲ್ಲಿ ಚಾಲಕ ಲೈಂಗಿಕ ಕಿರುಕುಳ ಕೊಟ್ಟನೆಂದು ಮಹಿಳೆಯೊಬ್ಬರು ದೂರಿದಾಗ, ಚಾಲಕ ನಮ್ಮ ನೌಕರನಲ್ಲ ಎಂದು ಕಂಪನಿಯ ಆಂತರಿಕ ದೂರು ಸಮಿತಿ ಕೈತೊಳೆದುಕೊಂಡಿತು. 2024ರ ಸೆಪ್ಟೆಂಬರ್ 30ರಂದು ನ್ಯಾಯಮೂರ್ತಿ ಎಂ.ಜಿ.ಎಸ್. ಕಮಲ್ ಆ ವಾದವನ್ನು ತಳ್ಳಿಹಾಕಿ, ಸಮಿತಿ ವಿಚಾರಣೆ ನಡೆಸಬೇಕು, ಕಂಪನಿ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಆದೇಶಿಸಿದರು. ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಈ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ‘ಅವನು ನಮ್ಮವನಲ್ಲ’ ಎಂಬ ಮಾತನ್ನು ನ್ಯಾಯಪೀಠವೊಂದು ಒಪ್ಪಲಿಲ್ಲ ಎಂಬುದು ದಾಖಲೆಯಲ್ಲಿ ಉಳಿದಿದೆ. ಫೋನ್ ನಂಬರ್ ಪಡೆದದ್ದು ಕಂಪನಿ, ಮನೆ ಬಾಗಿಲಿಗೆ ಆಳನ್ನು ಕಳಿಸಿದ್ದೂ ಕಂಪನಿ. ಗ್ರಾಹಕರ ನಂಬರ್ ಕಾಣಿಸದೆಯೇ ಕರೆ ಮಾಡುವ ವ್ಯವಸ್ಥೆಯನ್ನು ಕೆಲವು ಆ್ಯಪ್‌ಗಳು ಮಾಡಿಕೊಂಡಿವೆ. ಪಾರ್ಸೆಲ್ ಡಬ್ಬದ ಮೇಲೆ ಹೆಸರು, ವಿಳಾಸ, ನಂಬರ್ ಮೂರನ್ನೂ ದಪ್ಪಕ್ಷರದಲ್ಲಿ ಅಚ್ಚುಹಾಕಿ ಕಳಿಸುವ ರೂಢಿ ಮಾತ್ರ ಪೂರ್ತಿ ನಿಂತಿಲ್ಲ. ಅದು ನಿಲ್ಲಬೇಕು.

ಕೊನೆಯ ಮಾತು ಮನೆಯ ಹಿರಿಯರಿಗೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಇಂಥದ್ದನ್ನು ಹೇಳದೇ ಇರುವುದು ಆ ಅಪರಿಚಿತನ ಭಯಕ್ಕಲ್ಲ, ಮನೆಯವರು ಫೋನ್ ಕಿತ್ತುಕೊಂಡಾರು, ಕಾಲೇಜು ಬಿಡಿಸಿಯಾರು ಎಂಬ ಭಯಕ್ಕೆ. ಮಗಳೋ ಸೊಸೆಯೋ ಫೋನ್ ಹಿಡಿದು ಬಂದು ತೋರಿಸಿದರೆ, ಅವಳನ್ನು ಏನೂ ಕೇಳುವ ಮೊದಲು ಆ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿಗೆ ದೂರು ಬರೆಯುವಾಗ ಪಕ್ಕದಲ್ಲಿ ಕೂತುಕೊಳ್ಳಿ, ಠಾಣೆಗೆ ಹೋಗಬೇಕಾಗಿ ಬಂದರೆ ಜೊತೆಯಲ್ಲಿ ಹೋಗಿ.