ಉತಾರದ ಮೇಲಿನ ಸಹಿ

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದ ಕಬ್ಬಿನ ಬೆಳೆಗಾರ ಸಾಲಕ್ಕೆಂದು ಹೋದರೆ ಮೊದಲು ಕೇಳುವುದು ಉತಾರ. ಬೇರೆ ಕಡೆ ಪಹಣಿ ಎನ್ನುವ ಕಾಗದಕ್ಕೆ ಈ ಗಡಿಸೀಮೆಯ ಹೆಸರು ಅದು. ಹಿಂದೆ ಅದರ ಮೇಲೆ ಗ್ರಾಮ ಲೆಕ್ಕಿಗನಾದ ತಲಾಠಿಯ ರುಜು, ಶಿಕ್ಕಾ ಬೀಳಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ದಾಖಲೆಗಳು ಕಂಪ್ಯೂಟರಿಗೆ ಏರಿದವು. ಈಗ ಆನ್‌ಲೈನ್ ಉತಾರಕ್ಕೆ ಡಿಜಿಟಲ್ ಸಹಿ.

ಉತಾರದ ಅಷ್ಟೂ ಅಕ್ಷರಗಳನ್ನು ಅರೆದು ಮೊದಲು 256 ಬಿಟ್‌ಗಳ ಸಾರ ತೆಗೆಯುತ್ತಾರೆ. ಎರಡು ಗುಂಟೆ ಮೂರಾದರೆ ಸಾರ ಪೂರ್ತಿ ಬದಲು. ಅಧಿಕಾರಿಯ ಗುಟ್ಟಿನ ಕೀಲಿಯಿಂದ ಆ ಸಾರದ ಮೇಲೆ ಲೆಕ್ಕ ಮಾಡಿದಾಗ ಹುಟ್ಟುವ ಸಂಖ್ಯೆಯೇ ಸಹಿ. ಅದನ್ನು ಪರೀಕ್ಷಿಸಲು ಎಲ್ಲರಿಗೂ ಸಿಗುವ ಜೋಡಿ ಕೀಲಿ ಸಾಕು. ಆ ಕೀಲಿಯಿಂದ ಸಹಿ ಹಾಕಲಾಗದು. ಒಂದು ಉತಾರದ ಸಹಿ ಕಿತ್ತು ಇನ್ನೊಂದಕ್ಕೆ ಅಂಟಿಸಲೂ ಆಗದು.

ಇಂಥ ಸಹಿಗೆ ಬಳಸುವ 1977ರ ಆರ್‌ಎಸ್‌ಎ ಪದ್ಧತಿಯ ಬಲ ಗುಣಾಕಾರದಲ್ಲಿದೆ: ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಹೆಕ್ಕುವುದು ದುಸ್ಸಾಧ್ಯ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರಿಗೆ ಅದು ದುಸ್ಸಾಧ್ಯವಲ್ಲ ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಹೊಲದ ಕಾಗದವೋ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕಾದದ್ದು.

ಹಾಗಾಗಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2016ರಲ್ಲಿ ಹೊಸ ಪದ್ಧತಿಗಳನ್ನು ಆಹ್ವಾನಿಸಿತು. ಬಂದವನ್ನೆಲ್ಲ ಬಯಲಿಗಿಟ್ಟು, ಮುರಿಯಿರಿ ನೋಡೋಣ ಎಂದು ಜಗತ್ತಿಗೇ ಹೇಳಿತು. ‘ರೇನ್‌ಬೋ’ ಎಂಬ ಸಹಿ ಅಂತಿಮ ಸುತ್ತಿಗೂ ಬಂದಿತ್ತು. 2022ರ ಫೆಬ್ರವರಿಯಲ್ಲಿ ಸಂಶೋಧಕ ವಾರ್ಡ್ ಬಾಯ್ಲೆನ್ಸ್ ಅದರ ಗುಟ್ಟಿನ ಕೀಲಿಯನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಸುಮಾರು 53 ಗಂಟೆಗಳಲ್ಲಿ ಬಿಡಿಸಿಟ್ಟರು. ಹದಿನೇಳು ವರ್ಷ ಬಾಳಿದ ವಿನ್ಯಾಸ ಒಂದು ವಾರಾಂತ್ಯದಲ್ಲಿ ಉರುಳಿತು. ಈ ಗೂಢಲಿಪಿ ವಿದ್ಯೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಇಂಥ ಮುರಿತವೇ. ಉತಾರಗಳಿಗೆ ಬಂದು ಕೂರುವ ಮೊದಲೇ ಬಿರುಕು ಸಿಕ್ಕಿತು, ಅದನ್ನು ಯಾರೂ ಮುಚ್ಚಿಡಲಿಲ್ಲ. ರೇನ್‌ಬೋದ ವಂಶದ್ದೇ ಆದ ‘ಮೇಯೋ’ ಸಹಿಯ ರೂವಾರಿಯೂ ಇದೇ ಬಾಯ್ಲೆನ್ಸ್.

ಎನ್‌ಐಎಸ್‌ಟಿಯ ಆ ಪರೀಕ್ಷೆ ದಾಟಿ 2024ರ ಆಗಸ್ಟ್‌ನಲ್ಲಿ ಮಾನಕವಾದ ‘ಎಂಎಲ್-ಡಿಎಸ್‌ಎ’ ಸಹಿ ಜಾಲರಿಗಳ ಗಣಿತದ ಮೇಲೆ ನಿಂತಿದೆ. ಅದರ ತೊಡಕು ಗಾತ್ರ. 2048 ಬಿಟ್‌ಗಳ ಆರ್‌ಎಸ್‌ಎ ಸಹಿ 256 ಬೈಟಾದರೆ, ಇದರ ಅತಿ ಚಿಕ್ಕ ರೂಪವೇ 2420 ಬೈಟು. ಕಾಗದದ ಮೇಲೆ ಅಚ್ಚಾಗುವ ಕ್ಯೂಆರ್ ಚೌಕದಲ್ಲಿ ಹಿಡಿಯುವುದು ಹೆಚ್ಚೆಂದರೆ 2953. ಸಹಿಯನ್ನೂ ವಿವರವನ್ನೂ ಅದರಲ್ಲೇ ತುಂಬಬೇಕೆಂದರೆ ರೈತನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗೆಲ್ಲ ಉಳಿಯುವುದು 533 ಬೈಟು. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತಚಿಹ್ನೆಗೂ ಮೂರು ಬೈಟು ಬೇಕು. ‘ಉಗಾರ ಬುದ್ರುಕ’ ಎಂದು ಬರೆಯುವಷ್ಟರಲ್ಲೇ 34 ಮುಗಿದಿರುತ್ತವೆ.