ಮಳೆಗಾಲದಲ್ಲಿ ಹಿಂಬದಿ ಬ್ರೇಕ್ ಹಿಡಿದುಕೊಂಡರೆ ಏನು ಮಾಡಬೇಕು?



ಡೇರಿಗೆ ಹಾಲು ಒಯ್ಯುವುದು, ತೋಟಕ್ಕೆ ಗೊಬ್ಬರ ಸಾಗಿಸುವುದು, ಪೇಟೆಗೆ ಸೊಪ್ಪು ತರಕಾರಿ ತಲುಪಿಸುವುದು, ಇವೆಲ್ಲ ಈಗ ನಡೆಯುವುದು ಹೆಚ್ಚಾಗಿ ಮೊಪೆಡ್ ಮತ್ತು ಮೋಟಾರು ಸೈಕಲ್ಲುಗಳ ಮೇಲೆಯೇ. ಇವುಗಳಲ್ಲಿ ಬಹುಪಾಲು ವಾಹನಗಳ ಹಿಂಗಾಲಿಗೆ ಇರುವುದು ಡ್ರಮ್ ಬ್ರೇಕ್. ಚಳಿ ಮತ್ತು ತೇವ ಕೂಡಿದ ದಿನಗಳಲ್ಲಿ ಈ ಬ್ರೇಕ್ ಒತ್ತಿದ ಮೇಲೆ ಹಿಂದಕ್ಕೆ ಬಿಡದೆ ಹಿಡಿದುಕೊಳ್ಳುವುದು ಸಾಮಾನ್ಯ. ವಾಹನ ಭಾರವಾಗಿ ಎಳೆಯುತ್ತದೆ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಡ್ರಮ್ ಕಾಯುತ್ತದೆ. ಕೆಸರು ದಾರಿಯಲ್ಲಿಯೋ ಇಳಿಜಾರಿನಲ್ಲಿಯೋ ಚಕ್ರ ಒಮ್ಮೆಲೇ ಕಚ್ಚಿಕೊಂಡರೆ ಸವಾರನ ಪ್ರಾಣಕ್ಕೇ ಅಪಾಯ.

ಬೇಸಾಯಶಾಸ್ತ್ರದವರಿಗೆ ಬ್ರೇಕಿನ ಗೊಡವೆ ಏಕೆಂದು ನೀವು ಕೇಳಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ, ಅನಂತರ 40–45 ದಿನಗಳಿಗೆ ಮತ್ತೊಮ್ಮೆ ಸಿಂಪಡಿಸಬೇಕೆಂದು ನಾವು ಹೇಳುತ್ತೇವೆ. ಮಳೆ ಬಿಡುವು ಕೊಟ್ಟ ಆ ಎರಡು ದಿನಗಳಲ್ಲಿ ವಾಹನ ಕೈಕೊಟ್ಟರೆ ಸಿಂಪರಣೆಯ ಸಮಯವೇ ತಪ್ಪುತ್ತದೆ. ಸಲಕರಣೆಯ ಆರೈಕೆಯೂ ಬೇಸಾಯದ ಒಂದು ಅಂಗವೇ.

ಬ್ರೇಕ್ ಕೆಲಸ ಮಾಡುವ ಬಗೆ

ಚಕ್ರದೊಡನೆ ತಿರುಗುವ ಬೀಡಿನ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲ್ ಒತ್ತಿದಾಗ ಸರಳು ಹೊರಗಿನ ತೋಳನ್ನು ಎಳೆಯುತ್ತದೆ. ತೋಳಿಗೆ ಸೇರಿದ ಕ್ಯಾಮ್ ಎಂಬ ಚಪ್ಪಟೆ ತಲೆಯ ಕೀಲು ತಿರುಗಿ ಎರಡೂ ಶೂಗಳನ್ನು ಅಗಲಿಸುತ್ತದೆ. ಶೂಗಳ ಲೈನಿಂಗ್ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಪೆಡಲ್ ಬಿಟ್ಟಾಗ ಒಳಗಿನ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಸೆಳೆಯುತ್ತವೆ. ಒತ್ತುವುದಕ್ಕೆ ಕಾಲಿನ ಬಲವಿದೆ, ಬಿಡಿಸುವುದಕ್ಕೆ ಇರುವುದು ಸ್ಪ್ರಿಂಗಿನ ಅಲ್ಪ ಬಲ ಮಾತ್ರ. ಆದುದರಿಂದ ಕ್ಯಾಮ್ ಕೀಲು ಸ್ವಲ್ಪ ಬಿಗಿಯಾದರೂ ಬ್ರೇಕ್ ಹಿಡಿಯುತ್ತದೆ, ಆದರೆ ಬಿಡುವುದಿಲ್ಲ.

ಹಿಡಿದುಕೊಳ್ಳಲು ಕಾರಣಗಳು

1. ಕ್ಯಾಮ್ ಕೀಲಿನ ಗ್ರೀಸ್ ನೀರಿಗೆ ತೊಳೆದುಹೋಗಿ ತುಕ್ಕು ಹಿಡಿಯುವುದು. ಇದೇ ಮುಖ್ಯ ಕಾರಣ.
2. ಪೆಡಲಿನ ಕೀಲಿಗೆ ಕೆಸರು ತುಂಬಿ ಬಿಗಿಯಾಗುವುದು.
3. ಒದ್ದೆಯಾದ ಡ್ರಮ್ಮಿನ ಒಳಮೈಗೆ ರಾತ್ರಿಯಿಡೀ ತುಕ್ಕು ಕಟ್ಟಿ ಲೈನಿಂಗ್ ಅದಕ್ಕೆ ಅಂಟಿಕೊಳ್ಳುವುದು.
4. ಸ್ಪ್ರಿಂಗ್ ಸಡಿಲಗೊಳ್ಳುವುದು, ಶೂ ಸವೆದ ಪುಡಿ ತೇವದೊಡನೆ ಸೇರಿ ಗಟ್ಟಿಯಾಗುವುದು.
5. ಚೈನ್ ಬಿಗಿ ಮಾಡಿದ ಮೇಲೆ ಬ್ರೇಕ್ ಸರಿಪಡಿಸದಿರುವುದು. ಚೈನ್ ಬಿಗಿ ಮಾಡುವಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಸರಳು ಎಳೆದಂತಾಗಿ ಬ್ರೇಕೂ ಬಿಗಿಯಾಗುತ್ತದೆ.

ನಾವು ಸಾಗಿಸುವ ಸರಕೂ ಇದಕ್ಕೆ ಕಾರಣವಾಗಬಹುದು. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಉಪ್ಪಿನಂತೆಯೇ ತುಕ್ಕನ್ನು ಬೇಗ ತರುತ್ತದೆ. ಬೋರ್ಡೋ ದ್ರಾವಣದ ಹದ ನೋಡಲು ಹೊಳೆಯುವ ಚಾಕುವನ್ನು ಅದ್ದುವುದು ನಿಮಗೆ ತಿಳಿದೇ ಇದೆ. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತದೆ, ಅಲ್ಲಿ ಕಬ್ಬಿಣ ಕರಗುತ್ತದೆ. ಮೈಲುತುತ್ತದ ನೀರು ಚಕ್ರದ ಗುಂಭಕ್ಕೆ ಚೆಲ್ಲಿದರೆ ಅಲ್ಲಿಯೂ ಇದೇ ಆಗುತ್ತದೆ. ಚೆಲ್ಲಿದ ದಿನವೇ ಶುದ್ಧ ನೀರಿನಿಂದ ತೊಳೆಯಿರಿ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು

ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರ್ ತೆಗೆದು, ಹಿಂಗಾಲನ್ನು ಕೈಯಿಂದ ತಿರುಗಿಸಿ. ಅದು ಸಲೀಸಾಗಿ ಸುತ್ತಬೇಕು. ಬಳಿಕ ಪೆಡಲ್ ಒತ್ತಿ ಬಿಟ್ಟು ಮತ್ತೆ ತಿರುಗಿಸಿ. ಬಿಗಿಯಿದ್ದರೆ ಸರಳಿನ ತುದಿಯ ನಟ್ಟನ್ನು ಬಿಚ್ಚಿ ಸರಳನ್ನು ತೋಳಿನಿಂದ ಬೇರ್ಪಡಿಸಿ.

– ಈಗಲೂ ಪೆಡಲ್ ನಿಧಾನವಾಗಿ ಏಳುತ್ತಿದ್ದರೆ ದೋಷ ಪೆಡಲಿನ ಕೀಲಿನಲ್ಲಿದೆ.
– ತೋಳನ್ನು ಕೈಯಿಂದ ಮುಂದಕ್ಕೆ ಎಳೆದು ಬಿಟ್ಟಾಗ ತಟ್ಟನೆ ಹಿಂದಕ್ಕೆ ಬರದಿದ್ದರೆ ದೋಷ ಕ್ಯಾಮಿನಲ್ಲಿ ಅಥವಾ ಸ್ಪ್ರಿಂಗಿನಲ್ಲಿದೆ.
– ತೋಳು ಸರಿಯಾಗಿ ಬಂದು ಚಕ್ರ ಸಲೀಸಾದರೆ ಬ್ರೇಕನ್ನು ಅತಿ ಬಿಗಿಯಾಗಿ ಇಟ್ಟಿದ್ದೀರಿ ಎಂದರ್ಥ.
– ತೋಳು ಸರಿಯಾಗಿ ಬಂದರೂ ಚಕ್ರ ಬಿಗಿಯಿದ್ದರೆ ಡ್ರಮ್ಮಿನ ತುಕ್ಕು, ಚೈನ್, ಬೇರಿಂಗ್ ಇವುಗಳನ್ನು ನೋಡಬೇಕು.

2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ವಾಹನಗಳಿಗೆ ಕನಿಷ್ಠ ಪಕ್ಷ ಜೋಡಿ ಬ್ರೇಕ್ ಕಡ್ಡಾಯವಾಯಿತು. ಇಂಥವುಗಳಲ್ಲಿ ಹಿಂಬದಿ ಬ್ರೇಕ್ ಒತ್ತಿದರೆ ಮುಂದಿನದೂ ಹಿಡಿಯುತ್ತದೆ. ಆದುದರಿಂದ ಮುಂಗಾಲನ್ನೂ ಇದೇ ರೀತಿ ಪರೀಕ್ಷಿಸಿ.

ದುರಸ್ತಿ ಕ್ರಮ

ಚಕ್ರ ಬಿಚ್ಚುವ ಅಭ್ಯಾಸವಿರುವವರು ಇದನ್ನು ಮನೆಯಲ್ಲಿಯೇ ಮಾಡಬಹುದು. ಇಲ್ಲದವರು ಮೆಕ್ಯಾನಿಕ್ಕನ ಬಳಿ ಹೀಗೆಯೇ ಮಾಡಿಸಬೇಕು.

1. ಚಕ್ರ ತೆಗೆದು ಬ್ರೇಕಿನ ತಟ್ಟೆಯನ್ನು ಹೊರಕ್ಕೆ ಎಳೆಯಿರಿ. ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.
2. ಶೂಗಳನ್ನು ಬಿಚ್ಚಿ. ತೋಳು ಮತ್ತು ಕ್ಯಾಮ್ ಎರಡಕ್ಕೂ ಗುರುತು ಹಾಕಿಕೊಂಡು ತೋಳನ್ನು ಕಳಚಿ, ಕ್ಯಾಮನ್ನು ಹೊರತೆಗೆಯಿರಿ.
3. ಕೀಲನ್ನೂ ಅದರ ರಂಧ್ರವನ್ನೂ ಡೀಸೆಲ್ಲಿನಿಂದ ತೊಳೆದು, ನಯವಾದ ಎಮರಿ ಕಾಗದದಿಂದ ತುಕ್ಕು ತೆಗೆದು ಒಣಗಿಸಿ. ಡೀಸೆಲ್ ಲೈನಿಂಗಿಗೆ ತಾಗಬಾರದು.
4. ಕೀಲಿಗೂ ಶೂ ತಾಗುವ ಕ್ಯಾಮಿನ ಮುಖಕ್ಕೂ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಸವರಿ. ಹೆಚ್ಚಾದರೆ ಕರಗಿ ಲೈನಿಂಗಿಗೆ ಹರಿಯುತ್ತದೆ.
5. ಡ್ರಮ್ಮಿನ ಒಳಮೈ ಮತ್ತು ಲೈನಿಂಗಿನ ಹೊಳಪನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಲೈನಿಂಗ್ ಸುಮಾರು 2 ಮಿ.ಮೀ.ಗಿಂತ ತೆಳುವಾಗಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಶೂ ಬದಲಾಯಿಸಿ. ಸ್ಪ್ರಿಂಗುಗಳನ್ನೂ ಅದರ ಜೊತೆಗೇ ಹೊಸದು ಹಾಕುವುದು ಒಳಿತು.
6. ಗುರುತಿಗೆ ಸರಿಯಾಗಿ ಜೋಡಿಸಿ. ಬ್ರೇಕ್ ತಟ್ಟೆಯನ್ನು ಹಿಡಿದಿಡುವ ಪಟ್ಟಿಯ ನಟ್ಟು ಮತ್ತು ಪಿನ್ನನ್ನು ಎರಡು ಸಲ ನೋಡಿ. ಈ ಪಟ್ಟಿ ಕಳಚಿದರೆ ತಟ್ಟೆ ಚಕ್ರದೊಡನೆ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ.
7. ಪೆಡಲಿನ ತುದಿಯಲ್ಲಿ ಸಾಮಾನ್ಯವಾಗಿ 20–30 ಮಿ.ಮೀ. ಸಡಿಲು ಇರಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಅನುಸರಿಸಿ. ಹಾಲಿನ ಕ್ಯಾನು ಹೇರಿದ ಮೇಲೂ ಒಮ್ಮೆ ಸಡಿಲು ನೋಡಿ.

ಬಿಚ್ಚುವ ಶ್ರಮ ತಪ್ಪಿಸಲು ಕೆಲವರು ಕೀಲಿನ ಸಂದಿಗೆ ಎಂಜಿನ್ ಎಣ್ಣೆ ಸುರಿಯುತ್ತಾರೆ. ಎಣ್ಣೆ ಒಳಗಿಳಿದು ಲೈನಿಂಗಿಗೆ ಸೇರುತ್ತದೆ, ಹಿಡಿದುಕೊಳ್ಳುತ್ತಿದ್ದ ಬ್ರೇಕ್ ಹಿಡಿಯದಂತೆಯೇ ಆಗುತ್ತದೆ. ಇದನ್ನು ಖಂಡಿತ ಮಾಡಬಾರದು.

ಟ್ರಾಕ್ಟರ್ ಇರುವವರಿಗೆ

ಡ್ರಮ್ ಬ್ರೇಕ್ ಇರುವ ಹಳೆಯ ಟ್ರಾಕ್ಟರುಗಳನ್ನು ಮಳೆಗಾಲದಲ್ಲಿ ಬ್ರೇಕ್ ಕೊಕ್ಕೆ ಹಾಕಿ ದಿನಗಟ್ಟಲೆ ನಿಲ್ಲಿಸಿದರೆ ಶೂ ಡ್ರಮ್ಮಿಗೆ ಅಂಟುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಗಾಲಿಗಳಿಗೆ ಮರದ ದಿಮ್ಮಿ ಕೊಟ್ಟು, ಕೊಕ್ಕೆ ಬಿಡಿಸಿ ನಿಲ್ಲಿಸಿ. ಅಂಟಿಕೊಂಡಿದ್ದರೆ ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸಿ ಬಿಡಿಸಿ, ಜೋರಾಗಿ ಎಳೆಯಬೇಡಿ. ಒಂದು ಬದಿಯ ಬ್ರೇಕ್ ಮಾತ್ರ ಹಿಡಿದಿದ್ದರೆ ಟ್ರಾಕ್ಟರ್ ಆ ಬದಿಗೆ ಎಳೆಯುತ್ತದೆ. ಟ್ರೈಲರ್ ಹೂಡಿದಾಗ ಇದು ಮಗುಚಲು ದಾರಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಡ್ರಮ್ಮುಗಳ ಬಳಿ ಕೈ ಹಿಡಿದು ನೋಡಿ. ಒಂದು ಹೆಚ್ಚು ಬಿಸಿಯಿದ್ದರೆ ಸರಿಪಡಿಸುವವರೆಗೆ ರಸ್ತೆಗೆ ಇಳಿಸಬೇಡಿ.

ನೆನಪಿಡಬೇಕಾದ ಅಂಶಗಳು

– ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಕ್ಯಾಮ್ ಬಿಚ್ಚಿ ಗ್ರೀಸ್ ಹಾಕಿಸಿ.
– ಹಳ್ಳ ದಾಟಿದ ಅಥವಾ ವಾಹನ ತೊಳೆದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಕೆಲವು ಸಲ ಒತ್ತಿ ಒಣಗಿಸಿ, ಬಳಿಕವೇ ನಿಲ್ಲಿಸಿ.
– ಪಂಪಿನ ರಭಸದ ನೀರನ್ನು ಚಕ್ರದ ಗುಂಭಕ್ಕೆ ನೇರವಾಗಿ ಹಿಡಿಯಬೇಡಿ.
– ಕಾದ ಡ್ರಮ್ಮಿನ ಮೇಲೆ ತಣ್ಣೀರು ಸುರಿಯಬೇಡಿ.
– ಚೈನ್ ಬಿಗಿ ಮಾಡಿದಾಗಲೆಲ್ಲ ಬ್ರೇಕಿನ ಸಡಿಲನ್ನೂ ಸರಿಪಡಿಸಿ.

ಇದಕ್ಕೆ ತಗಲುವುದು ಅರ್ಧ ದಿನದ ಕೆಲಸ ಮತ್ತು ಒಂದಿಷ್ಟು ಗ್ರೀಸ್ ಮಾತ್ರ. ಈ ಸಲದ ಮಳೆ ಬಲಿಯುವ ಮೊದಲೇ ನಿಮ್ಮ ವಾಹನದ ಹಿಂಗಾಲನ್ನು ಒಮ್ಮೆ ಎತ್ತಿ ತಿರುಗಿಸಿ ನೋಡಿ.