ಲಿಂಬೆ ರಸಕ್ಕೆ ಚೀಲ, ಕಬ್ಬಿನ ಹಾಲಿಗೆ ಲೋಟ

ಜಿಐ ಮಾನ್ಯತೆ ಪಡೆದ ಲಿಂಬೆ ಇಂಡಿಯ ಹೆಮ್ಮೆ. ಆದರೆ ಇಂಡಿ ಇರಲಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಇರಲಿ, ದರ ಬಿದ್ದ ದಿನ ಲಿಂಬೆ ಕಿತ್ತ ಕೂಲಿಯೂ ಹುಟ್ಟದು. ಆಗ ರಸ ತೆಗೆದು, ಬಿಸಿ ಮಾಡಿ, ಆಹಾರಕ್ಕೆಂದೇ ತಯಾರಾದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಡುವುದು ಒಂದು ದಾರಿ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗನೊಬ್ಬ ಎದ್ದು ನಿಂತ: "ಹಂಗಾದ್ರ ಕಬ್ಬಿನ ಹಾಲೂ ಹೀಂಗ ಇಡಬೋದಲ್ರಿ ಸರ?"

ಪ್ರಶ್ನೆ ಒಳ್ಳೆಯದು, ಯೋಚನೆ ಅಪಾಯದ್ದು!

ಬಾಟಲಿಯಲ್ಲಿ ರಸದ ಮೇಲೆ ಗಾಳಿ ಉಳಿಯುತ್ತದೆ. ಮೆತ್ತನೆಯ ಚೀಲವನ್ನಾದರೆ ಒತ್ತಿ ಗಾಳಿ ಹೊರಹಾಕಬಹುದು. ಗಾಳಿಯಿಲ್ಲದೆ ಬೂಷ್ಟು ಬೆಳೆಯದು. ಬಿಸಿಯಾಗಿಯೇ ತುಂಬಿದರೆ ಚೀಲದೊಳಗಿನ ಬಹುತೇಕ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಆದರೆ ಗಾಳಿ ಇಲ್ಲದೆಡೆಯೇ ಬೆಳೆಯುವ ಬ್ಯಾಕ್ಟೀರಿಯಾ ಒಂದಿದೆ: ಕ್ಲಾಸ್ಟ್ರಿಡಿಯಂ ಬಾಟುಲಿನಂ. ಮಣ್ಣಿನಲ್ಲಿರುವ ಅದರ ಬೀಜಕಣಗಳು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿದರೂ ಬದುಕಬಲ್ಲವು. ಅದು ಉತ್ಪಾದಿಸುವ ವಿಷ ನರಗಳನ್ನು ಹಿಡಿದು ಉಸಿರನ್ನೇ ನಿಲ್ಲಿಸಬಲ್ಲದು.

ಅದನ್ನು ತಡೆಯುವುದು ಹುಳಿ. ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ ಆ ಬೀಜಕಣ ಮೊಳೆತು ಬೆಳೆಯಲಾರದು. ಲಿಂಬೆ ರಸದ ಪಿಎಚ್ 2ರಿಂದ 3. ತಾಜಾ ಕಬ್ಬಿನ ಹಾಲಿನದು 5ಕ್ಕೂ ಮೇಲೆ.

ಹಾಗಾದರೆ ಅಂಗಡಿಯ ಯುಎಚ್‌ಟಿ ಹಾಲು ಚೀಲದಲ್ಲಿ ತಿಂಗಳುಗಟ್ಟಲೆ ಇರುವುದು ಹೇಗೆ? ಅದನ್ನು ಒತ್ತಡದಲ್ಲಿ 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಕಾಯಿಸಿ, ಕ್ರಿಮಿಶುದ್ಧ ಚೀಲಕ್ಕೆ ತುಂಬುತ್ತಾರೆ. ಮನೆಯ ಪಾತ್ರೆಯಲ್ಲಿ ಇದು ಆಗದ ಕೆಲಸ.

ವಿದ್ಯಾರ್ಥಿಗಳೇ, ಲಿಟ್ಮಸ್ ಕಾಗದ ಆಮ್ಲ ಹೌದೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ಎಷ್ಟು ಹುಳಿ ಎಂದು ತಿಳಿಯಲು ಪಿಎಚ್ ಕಾಗದ ಬೇಕು. ಎರಡೂ ರಸಗಳಲ್ಲಿ ಅದ್ದಿ ನೋಡಿ. ಪಾಲಕರೇ, ಲಿಂಬೆ ರಸವನ್ನು ಕಾದಿಡಿ. ಕಬ್ಬಿನ ಹಾಲನ್ನು ಮಾತ್ರ ಗಾಣದ ಮುಂದೆಯೇ ಕುಡಿದು ಮುಗಿಸಿ.